ವಿದ್ಯುತ್ತಿನ ತವರಿಗೆ ತಡವಾಗಿ ಬಂದ ವಿದ್ಯುತ್ ರೈಲು

ಮುತ್ತತ್ತಿಯಲ್ಲಿ ಕಾವೇರಿಯ ಮಡುವಿಗಿಳಿದು ಮಿಂದು, ಹನುಮಂತರಾಯನಿಗೆ ಕೈಮುಗಿದು ಬರುವವರಿಗೆ ಲೆಕ್ಕವಿಲ್ಲ. ಆ ನೀರು ಮೇಲ್ಗಡೆ ಶಿವನಸಮುದ್ರದಲ್ಲಿ ಎಂಥ ದುಡಿಮೆ ಮುಗಿಸಿ ಬಂದಿದೆ ಎಂಬುದನ್ನು ನೆನೆಯುವವರು ಎಷ್ಟು ಮಂದಿ? 1902ರ ಜೂನ್ 30ರಂದು ಅಲ್ಲಿನ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ಅದೇ ಮಂಡ್ಯದ ಸೀಮೆಯಲ್ಲಿ ಓಡುವ ರೈಲನ್ನು ವಿದ್ಯುತ್ತು ಎಳೆಯಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಬೆಂಗಳೂರಿನಿಂದ ಮದ್ದೂರು, ಮಂಡ್ಯ ಹಾದು ಮೈಸೂರಿಗೆ ಮೀಟರ್ ಗೇಜ್ ರೈಲು ಬಂದದ್ದು 1882ರಲ್ಲಿ. ದಶಕಗಳ ಕಾಲ ಉಗಿಬಂಡಿಗಳದ್ದೇ ದರ್ಬಾರು. ಅವಕ್ಕೆ ದಾರಿಯುದ್ದಕ್ಕೂ ನೀರು ಬೇಕು. ಹೊರಡುವ ಮುನ್ನ ಗಂಟೆಗಟ್ಟಲೆ ಬೆಂಕಿ ಕಾಯಿಸಬೇಕು. ವೈಡಿಎಂ-4ನಂಥ ಡೀಸೆಲ್ ಎಂಜಿನ್‌ಗಳು ಈ ತಾಪತ್ರಯ ತಪ್ಪಿಸಿದವು.

ಡೀಸೆಲ್ ಎಂಜಿನ್ ಚಕ್ರಗಳನ್ನು ನೇರವಾಗಿ ತಿರುಗಿಸುತ್ತದೆ ಎಂಬ ತಿಳಿವಳಿಕೆ ಸಾಮಾನ್ಯ. ನಿಜಕ್ಕೂ ಅದು ಜನರೇಟರನ್ನು ತಿರುಗಿಸುತ್ತದೆ. ಅದರಿಂದ ಬಂದ ವಿದ್ಯುತ್ತು ಅಚ್ಚುಗಳ ಬಳಿಯಿರುವ ಮೋಟಾರುಗಳನ್ನು ಓಡಿಸುತ್ತದೆ. ಅಂದರೆ ಅದು ತನ್ನ ವಿದ್ಯುದಾಗಾರವನ್ನು ತಾನೇ ಹೊತ್ತು ಓಡುವ ಬಂಡಿ! ತಂತಿಯ ಹಂಗಿಲ್ಲದ ಈ ಗುಣವೇ ಅದರ ಬಲ. 1990ರ ದಶಕದಲ್ಲಿ ಈ ಮಾರ್ಗ ಬ್ರಾಡ್ ಗೇಜ್ ಆದ ಮೇಲೂ 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2ನಂಥ ಡೀಸೆಲ್‌ಗಳೇ ರೈಲು ಎಳೆದವು.

ವಿದ್ಯುತ್ ಎಂಜಿನ್‌ಗೆ ಆ ಹೊರೆಯಿಲ್ಲ. ನೆತ್ತಿಯ ಮೇಲಿನ 25,000 ವೋಲ್ಟ್ ತಂತಿಯಿಂದ ಶಕ್ತಿ ಪಡೆದು, ಟ್ರಾನ್ಸ್‌ಫಾರ್ಮರಿನಲ್ಲಿ ತಗ್ಗಿಸಿ, ಮೋಟಾರುಗಳಿಗೆ ಉಣಿಸುತ್ತದೆ. ಹಾಗಾಗಿಯೇ ಡಬ್ಲ್ಯುಎಪಿ-7 ಎಂಜಿನ್‌ಗೆ 6,000 ಅಶ್ವಶಕ್ತಿಗೂ ಮೀರಿದ ಬಲ. ಬ್ರೇಕು ಹಾಕಿದಾಗ ಒಂದಿಷ್ಟು ವಿದ್ಯುತ್ತನ್ನು ತಂತಿಗೇ ಮರಳಿಸುವ ಜಾಣತನವೂ ಅದಕ್ಕುಂಟು. ಆದರೆ ಕಂಬ, ತಂತಿ, ಸಬ್‌ಸ್ಟೇಷನ್‌ಗಳಿಗೆ ಮೊದಲೇ ದೊಡ್ಡ ಹಣ ಸುರಿಯಬೇಕು. ಒಂಟಿ ಹಳಿಯ ಮಾರ್ಗ ಅದಕ್ಕಾಗಿ ಕಾದು ಕೂರಬೇಕಾಯಿತು.

ಜೋಡಿಹಳಿ ಹಾಸಲು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಲಾಯಿತು. 2018ರ ಫೆಬ್ರವರಿ 19ರಂದು ಬೆಂಗಳೂರು–ಮೈಸೂರು ವಿದ್ಯುತ್ ಮಾರ್ಗ ಲೋಕಾರ್ಪಣೆಯಾಯಿತು. 2022ರ ನವೆಂಬರಿನಲ್ಲಿ ಪ್ರತ್ಯೇಕ ಎಂಜಿನ್ನೇ ಇಲ್ಲದ ವಂದೇ ಭಾರತ್ ಕೂಡ ಬಂತು.

ಇಷ್ಟಾದರೂ ನಾಡಿಗೆ ಬೆಳಕು ಕೊಟ್ಟ ಮಳವಳ್ಳಿ ತಾಲ್ಲೂಕಿಗೆ ರೈಲೇ ಬಂದಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ ಮೂಲಕ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿ, ಕಾಗದದಲ್ಲೇ ಉಳಿದಿದೆ. ಡೀಸೆಲ್ಲೋ ವಿದ್ಯುತ್ತೋ ಎಂಬ ಚರ್ಚೆ ಇಲ್ಲಿಯವರಿಗೆ ಬೇಡ. ಮೊದಲು ಹಳಿ ಬೇಕು.