ಜಲಸಸ್ಯಗಳ ಆಸರೆಯಲ್ಲಿ ಸೂಕ್ಷ್ಮಜೀವಲೋಕ

ಮಾರೇನಹಳ್ಳಿಯ ಮಳೆನೀರು ಸೇರುವ ವೃಷಭಾವತಿಯು ಕೆಂಗೇರಿ, ಬೈರಮಂಗಲಗಳನ್ನು ಹಾದು ಅರ್ಕಾವತಿಯನ್ನೂ, ಆ ಮೂಲಕ ಕಾವೇರಿಯನ್ನೂ ಕೂಡುತ್ತದೆ. ಯಾವುದೇ ನದಿಯ ಆರೋಗ್ಯವನ್ನು ಅರಿಯಲು ಅದರ ಅಂಚಿನ ಜಲಸಸ್ಯಗಳ ನಡುವೆ ನೆಲಸಿರುವ ಪ್ರಾಣಿಪ್ಲವಕಗಳನ್ನು ಪರಿಶೀಲಿಸಬೇಕು. ರೋಟಿಫರ್, ನೀರುಚಿಗಟ, ಕೊಪೆಪಾಡ್‌ಗಳು ಇವುಗಳಲ್ಲಿ ಮುಖ್ಯವಾದವು. ಬಹುಪಾಲು ಪಾಚಿ, ಬ್ಯಾಕ್ಟೀರಿಯಗಳನ್ನು ತಿಂದು ಬಾಳುವ ಇವು ಮರಿಮೀನುಗಳಿಗೆ ಆಹಾರವಾಗುತ್ತವೆ.

ಮುಂಗಾರಿನ ನೆರೆಯಲ್ಲಿ ಇವು ಕೊಚ್ಚಿಹೋಗಿ ಸಂಖ್ಯೆ ಕುಗ್ಗುತ್ತದೆ. ಆಗ ಜೊಂಡಿನ ಬುಡ, ತೇಲುಸಸ್ಯಗಳ ಬೇರುಗಳೇ ಆಸರೆ. ಮಳೆ ನಿಂತು ನೀರು ತಿಳಿಯಾದಂತೆ, ಅಲ್ಲಿ ಉಳಿದವುಗಳಿಂದಲೂ ಕೆಸರಿನಲ್ಲಿ ಕಾದಿದ್ದ ಗಟ್ಟಿಕವಚದ ಮೊಟ್ಟೆಗಳಿಂದಲೂ ಸಂತತಿ ಮತ್ತೆ ವೃದ್ಧಿಸುತ್ತದೆ. ಬೇಸಿಗೆಯಲ್ಲಿ ಹರಿವು ಮಂದವಾಗಿ ನೀರು ಬಿಸಿಯಾದಾಗ, ಶೀಘ್ರವಾಗಿ ಬೆಳೆಯುವ ರೋಟಿಫರ್‌ಗಳು ಸಾಮಾನ್ಯವಾಗಿ ಮೇಲುಗೈ ಪಡೆಯುತ್ತವೆ.

ವೃಷಭಾವತಿಯಲ್ಲಿಯಾದರೋ ನಗರದ ಕೊಳಚೆ ವರ್ಷವಿಡೀ ಹರಿಯುತ್ತಿದೆ. ಆಮ್ಲಜನಕ ಕುಗ್ಗಿದ ಇಂತಹ ನೀರಿನಲ್ಲಿ ಮಾಲಿನ್ಯವನ್ನು ಸಹಿಸುವ ಕೆಲವೇ ಜಾತಿಗಳಿಗೆ ಎಡೆಯುಂಟು. ವೈವಿಧ್ಯ ಅಳಿದಲ್ಲಿ ಋತುಗಳ ಕ್ರಮವೂ ಮಸುಕಾಗುತ್ತದೆ. ಅಂತರಗಂಗೆಯ ಹಾಸು ದಟ್ಟವಾದರಂತೂ ಬೆಳಕು, ಗಾಳಿ ನೀರಿಗಿಳಿಯದೆ, ಆಸರೆಯಾಗಬೇಕಾದ ಸಸ್ಯವೇ ಉಸಿರುಗಟ್ಟಿಸುತ್ತದೆ.

ಜಲಸಸ್ಯದ ಬೇರನ್ನು ಜಾಲಿಸಿದ ನೀರನ್ನು ಋತುವಿಗೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡುವ ವಿದ್ಯಾರ್ಥಿಗೆ ಇದು ಮನದಟ್ಟಾಗುವುದು. ಜೀವದಯೆಯನ್ನು ಸಾರಿದ ಬಸವಾದಿ ಶರಣರ ದೃಷ್ಟಿಗೆ ಈ ಕಿರುಜೀವಿಗಳೂ ಹೊರತಲ್ಲ. ಕೊಳಚೆಯನ್ನು ಶುದ್ಧೀಕರಿಸಿ ನದಿಗೆ ಬಿಡುವುದೇ ಅವುಗಳಿಗೆ ಸಲ್ಲಬೇಕಾದ ದಯೆ.