ನಾಲ್ಕು-ಒಂದು: ಗೋಲುಗಳ ಹಿಂದಿನ ಲೆಕ್ಕ

ಕೊಡಗಿನ ವಿದ್ಯಾರ್ಥಿಗಳಿಗೆ ಏಪ್ರಿಲ್ ಬಂತೆಂದರೆ ಹಾಕಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು 60 ತಂಡಗಳೊಡನೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳ ಉತ್ಸವವಾಗಿತ್ತು. ಹಾಕಿ ಕಂಡ ಕಣ್ಣಿಗೆ ಫುಟ್‌ಬಾಲ್‌ನಲ್ಲಿ ಗೋಲುಗಳು ಕಡಿಮೆ ಎನಿಸುವುದು ಸಹಜ. ಹಾಗಿದ್ದರೆ ಒಂದು ಕಪ್ ಫೈನಲ್‌ನಲ್ಲಿ ಐದು ಗೋಲುಗಳು ಬಂದದ್ದು ಹೇಗೆ? ನೋಡೋಣ.

2018ರ ಏಪ್ರಿಲ್ 20. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಮೊದಲ ಸೂಪರ್ ಕಪ್‌ನ ಫೈನಲ್. ಎದುರಾದವರು ಬೆಂಗಳೂರು ಎಫ್‌ಸಿ ಮತ್ತು ಕೊಲ್ಕತ್ತೆಯ ಈಸ್ಟ್ ಬೆಂಗಾಲ್. ಇವರ ಪೈಪೋಟಿ ಹೊಸದಲ್ಲ. 2013-14ರ ಐ-ಲೀಗ್‌ನಲ್ಲಿ ಬೆಂಗಳೂರು ಪ್ರಥಮ, ಈಸ್ಟ್ ಬೆಂಗಾಲ್ ದ್ವಿತೀಯ.

ಮೊದಲ ಗೋಲು ಈಸ್ಟ್ ಬೆಂಗಾಲ್‌ನ ಕ್ರೋಮಾ ಅವರದು. ರಾಹುಲ್ ಭೇಕೆ ಸಮ ಮಾಡಿದರು. ವಿರಾಮಕ್ಕೆ ಸ್ವಲ್ಪ ಮುಂಚೆ ಈಸ್ಟ್ ಬೆಂಗಾಲ್‌ನ ಒಬ್ಬ ಆಟಗಾರನಿಗೆ ಕೆಂಪು ಕಾರ್ಡ್! ಹಾಕಿಯಲ್ಲಿ ಹಸಿರು ಕಾರ್ಡ್‌ಗೆ ಎರಡು ನಿಮಿಷ, ಹಳದಿಗೆ ಕನಿಷ್ಠ ಐದು ನಿಮಿಷ ಹೊರಗಿದ್ದು ಮರಳಬಹುದು. ಫುಟ್‌ಬಾಲ್‌ನ ಕೆಂಪು ಕಾರ್ಡ್‌ಗೆ ಮರಳುವಿಕೆಯಿಲ್ಲ, ಬದಲಿ ಆಟಗಾರನೂ ಇಲ್ಲ.

ಈಗ ಸ್ವಲ್ಪ ಗಣಿತ. 105 ಮೀಟರ್ ಉದ್ದ, 68 ಮೀಟರ್ ಅಗಲದ ಮೈದಾನದ ವಿಸ್ತೀರ್ಣ 7140 ಚದರ ಮೀಟರ್. ಗೋಲ್‌ಕೀಪರ್ ಬಿಟ್ಟು ಹತ್ತು ಮಂದಿಗೆ ಹಂಚಿದರೆ ತಲೆಗೆ 714 ಚದರ ಮೀಟರ್. ಒಂಬತ್ತು ಮಂದಿಗಾದರೆ ಸುಮಾರು 793. ಪ್ರತಿಯೊಬ್ಬನಿಗೂ ಶೇಕಡ 11ರಷ್ಟು ಹೆಚ್ಚು ನೆಲ! ಅದೂ ಏಪ್ರಿಲ್ ಸೆಕೆಯಲ್ಲಿ.

ಆದರೂ ಗೋಲು ಒಡನೆಯೇ ಬರಲಿಲ್ಲ. ಒಬ್ಬ ಕಡಿಮೆಯಿದ್ದ ತಂಡ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ 1-1ರಲ್ಲೇ ತಡೆದು ನಿಂತಿತು. ದಣಿವೆಂಬುದು ಹೀಗೆಯೇ: ಕೂಡುತ್ತಾ ಹೋಗಿ ಕೊನೆಯಲ್ಲಿ ಲೆಕ್ಕ ಕೇಳುತ್ತದೆ. 70ನೇ ನಿಮಿಷದ ಆಸುಪಾಸಿನಲ್ಲಿ ಸುನಿಲ್ ಛೇತ್ರಿ ಪೆನಾಲ್ಟಿ ಗೋಲು ಹೊಡೆದರು. ಬೆನ್ನಲ್ಲೇ ಮಿಕು ಮತ್ತೊಂದು. ಹಿಂದೆ ಬಿದ್ದವರು ಸಮ ಮಾಡಲು ಮುನ್ನುಗ್ಗಲೇಬೇಕು. ಆಗ ಅವರ ಬೆನ್ನ ಹಿಂದೆ ಜಾಗ ಇನ್ನಷ್ಟು ತೆರೆಯುತ್ತದೆ. ಕೊನೆಯಲ್ಲಿ ಛೇತ್ರಿ ಮತ್ತೊಮ್ಮೆ. 4-1!

ಅಂಕ ನೋಡಿದವರು ಏಕಪಕ್ಷೀಯ ಎಂದಾರು. ಆದರೆ ಪಂದ್ಯದ ಮುಕ್ಕಾಲು ಪಾಲು ಸಮಬಲದ್ದೇ. ಒಬ್ಬನ ಒಂದು ಕ್ಷಣದ ದುಡುಕಿಗೆ ಉಳಿದ ಹತ್ತು ಮಂದಿ ಅರ್ಧ ಪಂದ್ಯ ಬೆವರು ತೆತ್ತರು.

ಮುಂದಿನ ಸಲ ಪಂದ್ಯ ನೋಡುವಾಗ ಪಕ್ಕದಲ್ಲೊಂದು ನೋಟ್‌ಪುಸ್ತಕ ಇರಲಿ. ಗೋಲು ಬಿದ್ದ ನಿಮಿಷ, ಆಗ ಕಣದಲ್ಲಿದ್ದವರ ಸಂಖ್ಯೆ, ಎರಡನ್ನೂ ಬರೆದುಕೊಳ್ಳಿ. ಬರಿಯ ಅಂಕ ಹೇಳದ ಕಥೆ ಅಲ್ಲಿ ಸಿಗುತ್ತದೆ.