ಹುಳುವಿನ ನರಗಂಟು ಮತ್ತು ನಮ್ಮ ಸಿಂಪರಣೆ

ಕೊಪ್ಪಳ ಜಿಲ್ಲೆಯ ಇಟಗಿ ಸುತ್ತಲಿನ ಎರೆಹೊಲಗಳಲ್ಲಿ ಹಿಂಗಾರಿ ಕಡಲೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಕೀಡೆಯ ಕಾಟ ಹೆಚ್ಚುತ್ತದೆ. ಔಷಧಿ ಸಿಂಪಡಿಸಿದಾಗ ಕೀಡೆ ನಡುಗಿ, ಹೊರಳಾಡಿ ಬೀಳುವುದನ್ನು ರೈತರು ನೋಡಿರುತ್ತಾರೆ. ಕೆಲವು ಸಲ ಎಷ್ಟು ಹೊಡೆದರೂ ಸಾಯದಿರುವುದನ್ನೂ ಕಂಡಿರುತ್ತಾರೆ. ಇದರ ಕಾರಣ ತಿಳಿಯಬೇಕಾದರೆ ಹುಳುವಿನ ನರಗಳ ರಚನೆಯನ್ನು ಅರಿಯಬೇಕು.

ನರಗಂಟು ಎಂದರೇನು?

ನಮ್ಮ ನರಹುರಿ ಬೆನ್ನಿನೊಳಗಿದೆ. ಹುಳುವಿನದು ಹೊಟ್ಟೆಯ ಕೆಳಬದಿಯಲ್ಲಿದೆ. ಜೋಡಿ ದಾರಕ್ಕೆ ಅಲ್ಲಲ್ಲಿ ಗಂಟು ಹಾಕಿದಂತೆ ಅದು ಕಾಣುತ್ತದೆ. ಈ ಗಂಟುಗಳೇ ನರಗಂಟುಗಳು. ತಲೆಯಲ್ಲಿ ಅನ್ನನಾಳದ ಮೇಲಿರುವುದು ಮಿದುಳು. ಅದರ ಕೆಳಗಿನ ಗಂಟು ಬಾಯಿಯನ್ನು ಆಡಿಸುತ್ತದೆ. ಎದೆಯ ಗಂಟುಗಳು ಕಾಲು, ರೆಕ್ಕೆಗಳನ್ನು ನಡೆಸುತ್ತವೆ. ಪ್ರತಿ ಗಂಟೂ ತನ್ನ ಭಾಗದ ಕೆಲಸವನ್ನು ಬಹುಮಟ್ಟಿಗೆ ತಾನೇ ನೋಡಿಕೊಳ್ಳುತ್ತದೆ. ಆದ್ದರಿಂದಲೇ ತಲೆ ಹೋದ ಜಿರಳೆಯೂ ಕೆಲವು ದಿನ ಕಾಲು ಆಡಿಸುತ್ತದೆ. ಎರೆಹುಳುವಿಗೂ, ಜೇನುನೊಣಕ್ಕೂ ಇಂಥ ಗಂಟುಗಳಿವೆ.

ವಿಷ ಕೆಲಸ ಮಾಡುವ ಬಗೆ

ನರದಿಂದ ನರಕ್ಕೆ ಸಂದೇಶ ದಾಟುವುದು ಈ ಗಂಟುಗಳಲ್ಲಿ. ದಾಟಿಸುವ ರಾಸಾಯನಿಕ ಅಸಿಟೈಲ್‌ಕೋಲಿನ್. ಕೆಲಸ ಮುಗಿದೊಡನೆ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್ ಮೊದಲಾದವು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸಂದೇಶ ನಿಲ್ಲದೆ ಹರಿದು ಕೀಡೆ ನಡುಗಿ ಸಾಯುತ್ತದೆ.

ಒಂದೇ ಗುಂಪಿನ ಔಷಧಿಯನ್ನು ಪದೇ ಪದೇ ಬಳಸಿದರೆ, ಅದನ್ನು ತಾಳಿಕೊಳ್ಳುವ ಕೀಡೆಗಳು ಉಳಿದು ಅವುಗಳ ಸಂತತಿಯೇ ಹೆಚ್ಚುತ್ತದೆ. ಡಬ್ಬಿಯ ಮೇಲಿನ ಹೆಸರು ಬದಲಾದರೆ ಸಾಲದು, ಔಷಧಿಯ ಗುಂಪೇ ಬದಲಾಗಬೇಕು. ಕೀಡೆ ಸಣ್ಣದಿರುವಾಗಲೇ ಶೇ. 5ರ ಬೇವಿನ ಬೀಜದ ಕಷಾಯ ಅಥವಾ ಎಕರೆಗೆ 100 ಎಲ್.ಇ. ಎನ್.ಪಿ.ವಿ. ನಂಜಾಣುವನ್ನು ಸಂಜೆ ಸಿಂಪಡಿಸಬಹುದು. ನಂಜಾಣು ಕರುಳಿನ ಮೂಲಕ ಕೊಲ್ಲುತ್ತದೆ, ನರಗಂಟಿನ ಮೂಲಕವಲ್ಲ, ಜೇನಿಗೆ ಅಪಾಯವಿಲ್ಲ.

ಸಿಂಪಡಿಸುವವರ ಗಮನಕ್ಕೆ

ಅದೇ ಕಿಣ್ವ ನಮ್ಮ ನರಗಳಲ್ಲಿಯೂ ಇದೆ. ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು, ಮಾಂಸಖಂಡ ಅದುರುವುದು ವಿಷವೇರಿದ ಲಕ್ಷಣಗಳು. ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಕಳಚಿ, ಮೈಯನ್ನು ಸಾಬೂನಿನಿಂದ ತೊಳೆದು ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಡಬ್ಬಿ ಅಥವಾ ಅದರ ಚೀಟಿ ಜೊತೆಗಿರಲಿ. ಅಟ್ರೊಪಿನ್ ಚುಚ್ಚುಮದ್ದು ಕೊಡಬೇಕೇ ಎಂದು ವೈದ್ಯರು ನಿರ್ಧರಿಸಲು ಅದು ನೆರವಾಗುತ್ತದೆ. ಕೈಗವಸು, ಮುಖವಸ್ತ್ರ ಧರಿಸಿ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ಸಿಂಪಡಿಸಬೇಕು. ಕೀಡೆಯನ್ನು ನಡುಗಿಸುವ ವಿಷ ಸಿಂಪಡಿಸುವವರನ್ನೂ ನಡುಗಿಸಬಲ್ಲದು ಎಂಬುದನ್ನು ರೈತ ಬಾಂಧವರು ಮರೆಯಬಾರದು.